ಕಾರ್ಗಿಲ್ಲಿನಲ್ಲಿ ಕಾಕಾ ಮಾಡಿದ ವ್ಯಾಪಾರ

ಸಪಾಟು ನೆಲ ಕಂಡರೆ ಈಗ ನನಗೆ ಸುಮ್ಮನಿರಲು ಆಗುವುದಿಲ್ಲ. ಮೊನ್ನೆ ಬ್ಯಾಡಗಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಎಲ್ಲರೂ ಮದುಮಗಳ ಸೀರೆ ನೋಡುತ್ತಿದ್ದರೆ ನಾನು ಕಲ್ಯಾಣ ಮಂಟಪದ ಹಿಂದಿನ ಬಯಲು ನೋಡುತ್ತ ನಿಂತಿದ್ದೆ. ಒಂದು ಕಡೆ ಬೇವಿನ ಮರದ ನೆರಳು, ಪಕ್ಕದಲ್ಲೇ ನಳ, ನೆಲವಂತೂ ರೊಟ್ಟಿ ಬಡಿಯುವ ಕಲ್ಲಿನ ಹಾಗೆ. “ಇಲ್ಲಿ ಗಾಡಿ ಹಚ್ಚಿದ್ರ ಎಷ್ಟು ಚಲೋ ಆಕ್ಕಿತ್ತಲ್ರೀ!” ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಪಕ್ಕದಲ್ಲಿದ್ದ ಬೀಗರು, “ಯಾ ಗಾಡಿರಿ ಅಕ್ಕಾರ? ನೀವು ಬಸ್ಸಿಗೆ ಬಂದೀರಲ್ಲ?” ಎಂದರು. ಏನು ಹೇಳಲಿ ಅವರಿಗೆ? ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಮಲಗಿ, ಬೆಳಗಾಗುವಷ್ಟರಲ್ಲಿ ಗಂಡನ ಕಾಲ ಬುಡಕ್ಕೆ ಜಾರಿ ಹೋದವಳಿಗೆ ಮಾತ್ರ ಸಪಾಟು ನೆಲದ ಬೆಲೆ ಗೊತ್ತು. ಬೀಗರಿಗೆ ಅದನ್ನೆಲ್ಲ ಹೇಳಲಿಕ್ಕೆ ಹೋಗಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ರಾಣೆಬೆನ್ನೂರಿನ ಗಿರಿಜಕ್ಕ. ಮನೆಯಲ್ಲೇ ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಬಾಯಿ ಸ್ವಲ್ಪ ಜೋರು. ಅದನ್ನು ನಾನು ಕೊರತೆ ಎಂದು ತಿಳಿದವಳಲ್ಲ; ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನನ್ನ ಮನೆಯವರು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾರೆ. ಹಿಮಾಲಯ ಹೇಗೆ ಹುಟ್ಟಿತು ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ತೋರಿಸುವ ಈ ಮನುಷ್ಯ ಸ್ವತಃ ದೇವರಗುಡ್ಡಕ್ಕಿಂತ ದೊಡ್ಡ ಗುಡ್ಡ ಹತ್ತಿದವರಲ್ಲ. ಅವರ ತಮ್ಮ, ಅಂದರೆ ನನ್ನ ಮೈದುನ ಶಿವಾನಂದ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿಗಳನ್ನು ಇಟ್ಟುಕೊಂಡಿದ್ದಾನೆ. ಅವನಿಗೆ ಒಂದು ವರ್ಷ ಏನು ಹುಚ್ಚು ಹತ್ತಿತೋ, ಹಳೆಯ ಗಾಡಿಯೊಂದನ್ನು ಗ್ಯಾರೇಜಿಗೆ ಬಿಟ್ಟು ಅದರೊಳಗೆ ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟಾಕಿ, ಪರದೆ ಹಾಕಿದ ಕಿಟಕಿ ಎಲ್ಲ ಮಾಡಿಸಿ, ಕಾಗದಪತ್ರ ಸರಿಮಾಡಿಕೊಂಡು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ.

“ವೈನಿ, ಗಾಲಿ ಮ್ಯಾಲಿನ ಮನಿ. ಎಲ್ಲಿ ಹೋಗೂಣು ಹೇಳ್ರಿ.”

ನಾನು ಧರ್ಮಸ್ಥಳ ಎನ್ನುವಷ್ಟರಲ್ಲಿ ನಮ್ಮ ಮನೆಯವರು “ಕಾರ್ಗಿಲ್” ಎಂದುಬಿಟ್ಟರು. ನಾನು ಅದಕ್ಕೂ ಹೂಂ ಅಂದೆ, ಆದರೆ ಒಂದು ಕರಾರು ಹಾಕಿದೆ. ಬಸಪ್ಪ ಕಾಕಾ ನಮ್ಮ ಸಂಗಡ ಬರಬೇಕು.

ಬಸಪ್ಪ ಕಾಕಾ ನಮ್ಮ ಮನೆಯವರ ಕಾಕಾ. ಹಾಗಾಗಿ ನನಗೂ ಕಾಕಾ, ಹಾವೇರಿ ದನದ ಸಂತೆಗೆಲ್ಲ ಕಾಕಾ. ಸಂತೆಯಲ್ಲಿ ದಲ್ಲಾಳಿ ಕೆಲಸ ಅವರದು: ಎತ್ತು ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ ವ್ಯಾಪಾರ ಕುದುರಿಸುವುದು. ಅವರ ಧ್ವನಿಯನ್ನು ನೀವು ಕೇಳಬೇಕಿತ್ತು. ಅವರು ಸಂತೆಯಲ್ಲಿ ಕೂಗಿದರೆ ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದವನು ಕಪ್ಪು ಕೆಳಗಿಟ್ಟು ಎದ್ದು ಬರುತ್ತಿದ್ದ. ಬೈಗುಳಕ್ಕೂ ಸೈ, ನಗೆಚಾಷ್ಟಿಗೂ ಸೈ.

ಆ ಸಂತೆಯ ವ್ಯಾಪಾರ ನೋಡದವರಿಗೆ ಒಂದು ಮಾತು ಹೇಳಬೇಕು. ದರ ಅಲ್ಲಿ ಬಾಯಿಂದ ಬರುವುದಿಲ್ಲ. ಇಬ್ಬರು ಕೈಕೈ ಹಿಡಿದು ಮೇಲೆ ಟವೆಲ್ ಮುಚ್ಚಿಕೊಳ್ಳುತ್ತಾರೆ. ಒಳಗೆ ಬೆರಳು ಒತ್ತಿ, ಮಡಚಿ, ತಿರುವಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆಯೇ ಹೊರತು ದರ ತಿಳಿಯುವುದಿಲ್ಲ. ಸಣ್ಣವಳಿದ್ದಾಗ ಅಪ್ಪನ ಸಂಗಡ ಹೋದ ನಾನು, ಟವೆಲ್ಲಿನ ಕೆಳಗೆ ಏನೋ ತಿನ್ನುವ ಪದಾರ್ಥ ಬಚ್ಚಿಟ್ಟಿದ್ದಾರೆಂದು ಕುಕ್ಕರಗಾಲಲ್ಲಿ ಕೂತು ಇಣುಕಿದ್ದೆ. ಬರೀ ಎರಡು ಕೈ ಇದ್ದವು. ಅಪ್ಪ ತಲೆಗೊಂದು ಮೊಟಕಿದ. ಒಮ್ಮೆ ಕೈ ಗಟ್ಟಿ ಒತ್ತಿ “ಮುಗೀತು” ಅಂದರೆ ಮುಗಿಯಿತು. ಆಮೇಲೆ ಯಾರಾದರೂ ಹಿಂದೆ ಸರಿದರೆ ಅಂಥವನ ಕೈಯನ್ನು ಇಡೀ ಸಂತೆಯಲ್ಲಿ ಯಾರೂ ಮತ್ತೆ ಹಿಡಿಯುವುದಿಲ್ಲ.

ನನ್ನ ಮದುವೆಯನ್ನು ಕೂಡಿಸಿದ್ದೂ ಇದೇ ಕಾಕಾ. ನಿಶ್ಚಯದ ದಿನ ಕೊಡುವ-ತರುವ ಮಾತಿಗೆ ಎರಡೂ ಕಡೆಯವರು ಮುಖ ಗಂಟು ಹಾಕಿಕೊಂಡು ಕೂತಿದ್ದರಂತೆ. ಕಾಕಾ ಎದ್ದು, ಮೊದಲು ನಮ್ಮಪ್ಪನ ಕೈಯ ಮೇಲೆ ಟವೆಲ್ ಹಾಕಿದರು, ಆಮೇಲೆ ನಮ್ಮ ಮಾವನವರ ಕೈಯ ಮೇಲೆ. ಒಳಗೆ ಏನು ಒತ್ತಿದರೋ ದೇವರೇ ಬಲ್ಲ, ಇಬ್ಬರೂ ನಕ್ಕೊಂಡು ಎದ್ದರು. “ಹುಡುಗಿ ಬಾಯಿ ಜೋರ ಐತಿ, ಮನಸು ಭಾಳ ಚಲೋ ಐತಿ. ಎಲಿ ಹಾಕಸ್ರಿ” ಎಂದು ಕಾಕಾ ಕೂಗಿದ್ದು ಒಳಗೆ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತ್ತು.

ಆ ಧ್ವನಿ ಈಗ ಇಲ್ಲ. ಗಂಟಲಲ್ಲಿ ಗಡ್ಡೆಯಾಯಿತು, ಆಪರೇಷನ್ ಆಯಿತು, ಜೀವ ಉಳಿಯಿತು, ಧ್ವನಿ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಗುಣವಾದ ಮೇಲೆ ಕಾಕಾ ಒಂದೇ ಒಂದು ಸಂತೆಗೆ ಹೋದರು. ಬೆರಳಿಗೆ ಏನೂ ಆಗಿರಲಿಲ್ಲವಲ್ಲ, ವ್ಯಾಪಾರ ಮಾಡಬಹುದಿತ್ತು. ಆದರೆ ಗಂಟಲು ಹೋದವನಿಗೆ ಕಿವಿಯೂ ಹೋಗಿರುತ್ತದೆ, ಬುದ್ಧಿಯೂ ಹೋಗಿರುತ್ತದೆ ಎಂದು ಜನ ಅದು ಹೇಗೆ ತಿಳಿಯುತ್ತಾರೋ! ಅವರ ಕಿವಿಯ ಹತ್ತಿರ ಬಂದು ಒದರಿದರಂತೆ. ಪಕ್ಕದಲ್ಲಿದ್ದವರನ್ನು ಹಿಡಿದು, “ಕಾಕಾ ಹೆಂಗದಾನ? ಉಣ್ತಾನ?” ಎಂದು ಕೇಳಿದರಂತೆ. ಎದುರಿಗೆ ನಿಂತವರನ್ನು ಬಿಟ್ಟು! ಕಾಕಾ ಅವತ್ತು ಮನೆಗೆ ಬಂದು ಟವೆಲ್ಲನ್ನು ಗೂಟಕ್ಕೆ ಸಿಗಿಸಿದವರು ಮತ್ತೆ ಸಂತೆಯ ಕಡೆ ಮುಖ ಹಾಕಲಿಲ್ಲ. ನಾಲ್ಕು ಜನ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಅವರು ಮತ್ತೆ ನಾಲ್ಕು ಮಂದಿಯ ನಡುವೆ ನಿಲ್ಲಬೇಕು, ಅಷ್ಟೇ ನನ್ನ ಆಸೆ. ಹಿಮಾಲಯ ನಮ್ಮ ಮನೆಯವರಿಗೆ ಇರಲಿ.

ಕದರಮಂಡಲಗಿ ಆಂಜನೇಯನಿಗೆ ಕಾಯಿ ಒಡೆಸಿಕೊಂಡು ಮೇ ತಿಂಗಳ ರಜೆಯಲ್ಲಿ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಮನೆಯವರ ನಕಾಶೆ ಎಲ್ಲ ಹೇರಿಕೊಂಡೆವು. ಕಾಕಾ ಕತ್ತಿಗೆ ಮಫ್ಲರ್ ಸುತ್ತಿ, ಹೆಗಲಿಗೆ ಟವೆಲ್ ಹಾಕಿ ಕಿಟಕಿಯ ಪಕ್ಕ ಕೂತರು. ಕೂತವರು ಏಳಲೇ ಇಲ್ಲ. ಕೋಟೆ ಬಂತು, ನದಿ ಬಂತು, ಗುರುದ್ವಾರ ಬಂತು. “ಕಾಕಾ, ಇಳೀರಿ, ನೋಡಿ ಬರೂಣು” ಎಂದರೆ, ನೀವು ಹೋಗಿ ಬನ್ನಿ ಎಂದು ಕೈ ಮಾಡುತ್ತಿದ್ದರು.

ಗಾಡಿಯದೂ ಒಂದು ಗುಟ್ಟಿತ್ತು. ಎಷ್ಟು ತೊಳೆದರೂ, ಎಷ್ಟು ಬಣ್ಣ ಬಳಿದರೂ ಬ್ಯಾಡಗಿ ಮೆಣಸಿನಕಾಯಿಯ ಧೂಳು ಅದರ ಸಂದುಗೊಂದಿಯಿಂದ ಹೋಗಿರಲಿಲ್ಲ. ನಮಗೆ ಅದು ಗೊತ್ತೇ ಆಗಿರಲಿಲ್ಲ. ಹುಟ್ಟಿದಾರಭ್ಯ ಆ ಘಾಟಿನಲ್ಲೇ ಉಸಿರಾಡಿದ ಮೂಗುಗಳು ನಮ್ಮವು. ಘಟ್ಟ ಏರುವ ಮುಂಚಿನ ಒಂದು ತಪಾಸಣೆ ನಾಕಾದಲ್ಲಿ ಜವಾನನೊಬ್ಬ ಒಳಗೆ ತಲೆ ಹಾಕಿದ. ಹಾಕಿದವನು ಶೀನತೊಡಗಿದ. ಹಾಸಿಗೆ ಕೊಡವಿ ನೋಡಿದ, ಮತ್ತೂ ಶೀನಿದ. ಕಣ್ಣಲ್ಲಿ ನೀರು ಸುರಿಸುತ್ತ, “ಅಂದರ್ ಕ್ಯಾ ಹೈ?” ಎಂದು ಗದರಿದ. ನಾನು ಧೈರ್ಯದಿಂದ, “ಪೈಲೆ ಮಿರ್ಚಿ ಥಾ, ಅಬ್ ಹಮ್ ಹೈ” ಎಂದೆ. ಇನ್ನುಳಿದ ಜವಾನರು ನಗತೊಡಗಿದರು, ಗಾಡಿ ಲಗೂನ ಬಿಟ್ಟರು. ನನ್ನ ಹಿಂದಿಯ ಮೇಲೆ ನನಗೆ ಅವತ್ತಿನಿಂದ ಭಾರೀ ಭರವಸೆ ಬಂತು.

ಆ ಭರವಸೆಯಲ್ಲೇ ದಾರಿಯುದ್ದಕ್ಕೂ ಕಾಕಾನ ಸಂಗತಿಯನ್ನು ಎಲ್ಲರಿಗೂ ನಾನೇ ತಿಳಿಸಿ ಹೇಳುತ್ತಿದ್ದೆ. ಢಾಬಾದವನು ರೋಟಿ ಬೇಕೇ ಎಂದು ಅವರನ್ನು ಕೇಳಿದರೆ, ಅವರು ಗೋಣು ಆಡಿಸುವ ಮುಂಚೆಯೇ ನಾನು, “ಇನ್ಕಾ ಗಲಾ ಕಾಟ್ ದಿಯಾ ಹೈ” ಎಂದುಬಿಡುತ್ತಿದ್ದೆ. ಆಪರೇಷನ್ ಆಗಿದೆ ಎಂಬ ಅರ್ಥದಲ್ಲಿ. ಒಬ್ಬ ಢಾಬಾದವನಂತೂ ಕತ್ತು ಕೊಯ್ದವರು ಯಾರು ಎಂದು ನಮ್ಮ ಮನೆಯವರನ್ನು ದಿಟ್ಟಿಸಿ ನೋಡಿದ. ಕೇಳಿದವರೆಲ್ಲ “ಅಯ್ಯೋ ಪಾಪ” ಎಂಬ ಮುಖ ಮಾಡುತ್ತಿದ್ದರು, ಕಾಕಾ ಕಿಟಕಿಯ ಕಡೆ ತಿರುಗುತ್ತಿದ್ದರು.

ಕಾರ್ಗಿಲ್ ಮುಟ್ಟಿದಾಗ ಮಧ್ಯಾಹ್ನ. ಊರಿನ ನಡುವೆ ನದಿ, ಸುತ್ತಲೂ ಒಂದು ಗರಿಕೆಯೂ ಇಲ್ಲದ ಬೋಳು ಗುಡ್ಡ, ಬುಡದಲ್ಲಿ ಮಾತ್ರ ಹಸಿರು. ಹೊಳೆಯ ದಂಡೆಗೆ, ಒಂದು ಚಹಾದಂಗಡಿಯ ಎದುರು, ಸಪಾಟು ನೆಲ ಸಿಕ್ಕಿತು. ಗಡಿ ಆ ಗುಡ್ಡದ ಆಚೆಗೇ ಇದೆ ಎಂದು ನಮ್ಮ ಮನೆಯವರು ನಕಾಶೆ ಬಿಚ್ಚಿ ಪಾಠ ಶುರುಮಾಡಿದರು. “ಗಿರಿಜಾ, ಇದು ನೋಡು, ಒಂದು ಕಾಲಕ್ಕ ಸಮುದ್ರದ ತಳ ಇತ್ತು!” ನಾನು, “ಇರ್ಲಿ ಬಿಡ್ರಿ, ಈಗ ನೀರಿನ ಟಾಕಿ ತಳಾ ಕಂಡೈತಿ, ಮೊದಲ ಕೊಡ ತುಂಬ್ರಿ” ಎಂದೆ. ಶಿವಾನಂದ ಪೇಟೆಗೆ ಹೋಗಿ ಅಲ್ಲಿನ ಒಣಜರದಾಳು ಹಣ್ಣು ತರುತ್ತೇನೆಂದ. ನಾನು ಅನ್ನಕ್ಕೆ ಇಟ್ಟೆ. ಆ ಎತ್ತರದಲ್ಲಿ ಅಕ್ಕಿ ಬೇಯಲಿಕ್ಕೂ ಸೊಕ್ಕು. ಕುಕ್ಕರಿನ ಸೀಟಿ ಕಾಯುತ್ತ ಸುಮ್ಮನೆ ತಿರುಗಿ ನೋಡುತ್ತೇನೆ, ಕಿಟಕಿಯ ಪಕ್ಕದ ಜಾಗ ಖಾಲಿ!

ಯವ್ವಾ! ಒಲೆ ಆರಿಸಿ ಹೊರಗೆ ಓಡಿದೆ.

ಕಾಕಾ ಎಲ್ಲೂ ಹೋಗಿರಲಿಲ್ಲ. ಚಹಾದಂಗಡಿಯ ಪಕ್ಕದಲ್ಲಿ ಒಂದು ಪ್ರಾಣಿ ಕಟ್ಟಿದ್ದರು. ಎತ್ತಿನಂಥ ಮೈ, ಹೊಟ್ಟೆಯ ಕೆಳಗೆ ಜೋತುಬಿದ್ದ ಕರೀ ಕೂದಲು. ಆಕಳಿಗೂ ಯಾಕ್ ಎಂಬ ಚಮರೀಮೃಗಕ್ಕೂ ಹುಟ್ಟಿದ ಹೋರಿಯಂತೆ, ಅಲ್ಲಿ ಅದನ್ನು ‘ಜೋ’ ಎನ್ನುತ್ತಾರೆ, ನೇಗಿಲಿಗೆ ಹೂಡುತ್ತಾರೆ. ಕಾಕಾ ಅದರ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು. ಹಲ್ಲು ನೋಡಿ, ಗೊರಸು ನೋಡಿ, ಬೆನ್ನಿಗೆ ಅಂಗೈ ಇಟ್ಟು ಒತ್ತಿ, ಸುಳಿ ಹುಡುಕಲು ಆ ಕೂದಲಲ್ಲಿ ಬೆರಳಾಡಿಸುತ್ತಿದ್ದರು. ಅದರ ಧಣಿ, ಕಾಕಾನ ವಯಸ್ಸಿನ ಒಬ್ಬ ಮುದುಕ, ಸಪ್ಪೆ ಮುಖ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದವನು ಎದ್ದು ನಿಂತಿದ್ದ. ಮಾರಲು ತಂದು, ಗಿರಾಕಿ ಸಿಗದೆ ಕೂತಿದ್ದಾನೆಂಬುದು ಅವನ ಮೋರೆ ನೋಡಿದರೇ ತಿಳಿಯುತ್ತಿತ್ತು. ಕಾಕಾನಿಗೆ ಅದು ಗಾಡಿಯ ಕಿಟಕಿಯಿಂದಲೇ ತಿಳಿದಿರಬೇಕು.

ಕಾಕಾ ಹೆಗಲಿನ ಟವೆಲ್ ತೆಗೆದರು. ಮುದುಕನ ಕೈ ಹಿಡಿದು ಮೇಲೆ ಹೊದಿಸಿದರು.

ಆ ಮುದುಕ ಒಂದು ಸಲ ಬೆಚ್ಚಿದ. ಆಮೇಲೆ ಅವನ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಏನೋ ದೊಡ್ಡದಾಗಿ ಅಂದು, ತನ್ನ ನಿಲುವಂಗಿಯ ಉದ್ದ ತೋಳನ್ನೂ ಟವೆಲ್ಲಿನ ಮೇಲೆ ಎಳೆದುಕೊಂಡ. ಚಹಾದಂಗಡಿಯವನು ಹೊರಗೆ ಬಂದು, ಹಿಂದಿಯಲ್ಲಿ ನನಗೆ ತಿಳಿಸಿದ: ಹಿಂದೆ ಗುಡ್ಡದಾಚೆಯಿಂದ ಕುದುರೆ, ಒಂಟೆಗಳ ಸಾಲು ಬರುತ್ತಿದ್ದಾಗ ವ್ಯಾಪಾರಿಗಳು ಹೀಗೇ ತೋಳಿನೊಳಗೆ ಕೈ ಹಿಡಿದು ದರ ಮಾಡುತ್ತಿದ್ದರು ಎಂದು ತನ್ನ ಅಜ್ಜ ಹೇಳುತ್ತಿದ್ದನಂತೆ. ನಿಮ್ಮ ಕಡೆಯೂ ಹೀಗೆಯೇ ಎಂದು ಕೇಳಿದ. ನಾನು ಹೂಂ ಅಂದೆ. ಕಾಕಾನ ಆಪರೇಷನ್ ವಿಷಯ ಹೇಳಲು ಬಾಯಿ ತೆರೆದೆ. ಆದರೆ ಅವನ ಲಕ್ಷ್ಯ ನನ್ನ ಮೇಲೆ ಇರಲಿಲ್ಲ, ಟವೆಲ್ಲಿನ ಮೇಲಿತ್ತು. ಅಷ್ಟರಲ್ಲಿ ಸುತ್ತಲೂ ಜನ ನೆರೆದಿದ್ದರು. ಮುದುಕ ಗೋಣು ಅಲ್ಲಾಡಿಸಿದ, ಕಾಕಾ ಹುಬ್ಬು ಏರಿಸಿದರು. ಮುದುಕ ಆಕಾಶ ನೋಡಿದ, ಕಾಕಾ ಹೊರಟುಹೋಗುವವರಂತೆ ಒಂದು ಹೆಜ್ಜೆ ಹಿಂದಿಟ್ಟರು, ಕೈ ಮಾತ್ರ ಬಿಡಲಿಲ್ಲ. ಥೇಟ್ ಹಾವೇರಿ ಸಂತೆ! ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಆಗ ಕಾಕಾ ಕೈಯನ್ನು ಗಟ್ಟಿಯಾಗಿ ಒತ್ತಿ ಅಲುಗಿಸಿದರು. ಮುದುಕನೂ ಅಲುಗಿಸಿದ. ಟವೆಲ್ ತೆಗೆದರು. ಮುದುಕ ಹೋರಿಯ ಹಗ್ಗ ಬಿಚ್ಚಿ ಕಾಕಾನ ಕೈಯಲ್ಲಿಟ್ಟ.

ನನ್ನ ಕಣ್ಣೀರು ಅಲ್ಲಿಗೇ ಬತ್ತಿತು.

ಹೊತ್ತಿಗೆ ಸರಿಯಾಗಿ ಜರದಾಳು ಹಿಡಿದುಕೊಂಡು ಬಂದ ಶಿವಾನಂದ ಹಗ್ಗ ನೋಡಿದ, ಹೋರಿ ನೋಡಿದ, ಗಾಡಿ ನೋಡಿದ. “ವೈನಿ, ಇದೇನ್ರಿ?”

“ನಿಮ್ಮ ಕಾಕಾ ಖರೀದಿ ಮಾಡ್ಯಾರ.”

“ಅಯ್ಯ ಶಿವನ! ಗಾಡ್ಯಾಗ ಕುಕ್ಕರ್ ಇಡಾಕ ಜಾಗಾ ಇಲ್ರಿ, ಇದನ್ನೆಲ್ಲಿ ಕಟ್ಟೂಣು?”

ಕೊಡ ತುಂಬಿಸಿಕೊಂಡು ಬಂದ ನಮ್ಮ ಮನೆಯವರು, ಈ ಪ್ರಾಣಿ ನಮ್ಮ ಸೆಕೆಗೆ ತಾಳುವುದಿಲ್ಲ, ಅದರ ಮೈಕೂದಲು ಶೀತ ಪ್ರದೇಶಕ್ಕೆ ಹೊಂದಿಕೊಂಡದ್ದು ಎಂದು ಹೇಳತೊಡಗಿದರು. ಭೂಗೋಳದವರ ಸಂಸಾರ ಮಾಡುವುದೆಂದರೆ ಹೀಗೆ. ಶಿವಾನಂದ ನನ್ನನ್ನು ಪಕ್ಕಕ್ಕೆ ಕರೆದು, “ಹಗ್ಗಾ ವಾಪಸ್ ಕೊಟ್ಟು ಕೈ ಮುಗಿದು ಹೋಗೂಣ್ರಿ. ನಮ್ಮ ಮುದುಕಗ ತಿಳೀಲಿಲ್ಲ ಅಂತ ಹೇಳಿದ್ರಾತು. ಗಂಟಲಿನ ಸಂಗತಿ ಹೇಳಿದ್ರ ಮಂದಿ ಪಾಪ ಅಂತಾರ, ಬಿಡ್ತಾರ” ಎಂದ.

ಸುಳ್ಳೇಕೆ ಹೇಳಲಿ, ಅದು ಸುಲಭದ ದಾರಿಯಾಗಿತ್ತು. ಆದರೆ ಕಾಕಾ ಕೇಳಿಸಿಕೊಂಡರು. ಅವರ ಕಿವಿ ಯಾವತ್ತೂ ಚುರುಕೇ. ಅವರು ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು, ಮುದುಕ ಕೂತಿದ್ದ ಕಲ್ಲಿನ ಮೇಲೆ ಕೂತುಬಿಟ್ಟರು. ನನ್ನನ್ನು ನೋಡಿ ತಮ್ಮ ಬಲಗೈ ಎತ್ತಿ ತೋರಿಸಿದರು. ಅಷ್ಟೇ. ಕೈ ಕೊಟ್ಟಿದ್ದೇನೆ. ಬಾಯಿ ಹೋದವನಿಗೆ ಉಳಿದಿರುವ ಮಾತು ಅದೊಂದೇ. ಅದನ್ನೂ ಹಿಂದಕ್ಕೆ ತೆಗೆದುಕೊಂಡರೆ ಅವರು ಯಾವ ಮುಖ ಹೊತ್ತು ಮತ್ತೆ ಯಾರ ಕೈಗೆ ಟವೆಲ್ ಹೊದಿಸಬೇಕು? ಈ ಕೈಯೂ ಹೋದರೆ ಕಾಕಾ ಇನ್ನು ಎಂದೆಂದಿಗೂ ಹಿತ್ತಲಲ್ಲೇ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು. ನನಗೆ ಸಿಟ್ಟು ಬಂತು, ಕಾಕಾನ ಮೇಲಲ್ಲ, ದಾರಿಯುದ್ದಕ್ಕೂ ಅವರ ಗಂಟಲಿನ ಕಥೆ ಹೇಳಿಕೊಂಡು ಬಂದ ನನ್ನ ಬಾಯಿಯ ಮೇಲೆ.

“ಶಿವಾನಂದ, ಸುಮ್ನಿರು. ಯಾರೂ ಏನೂ ಹೇಳೂದು ಬ್ಯಾಡ. ವ್ಯಾಪಾರ ಅವ್ರು ಮಾಡ್ಯಾರ, ಅವ್ರ ಮುಗಸ್ತಾರ,” ಎಂದೆ. “ಮುಗಸ್ಲಿಲ್ಲಂದ್ರ ಹೋರಿ ಗಾಡ್ಯಾಗ ಮಲಗ್ತೈತಿ, ನೀ ಹೊರಗ ಮಲಗು.”

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕಾಕಾನ ಮುಖದಲ್ಲಿ ನಗು ಬಂತು. ಎದ್ದರು. ಹಗ್ಗ ಹಿಡಿದು, ಹೋರಿಯನ್ನು ಹೊಳೆದಂಡೆಯ ಉದ್ದಕ್ಕೂ ಒಂದು ಸುತ್ತು ನಡೆಸಿದರು. ಹಾವೇರಿಯಲ್ಲಿ ನಡೆ ತೋರಿಸುವುದು ಹೀಗೆಯೇ. ಬೆನ್ನು ಚಪ್ಪರಿಸಿ ನಿಲ್ಲಿಸುವರು, ಮುಂದಿನ ಕಾಲು ಎತ್ತಿಸುವರು, ಮತ್ತೆ ನಡೆಸುವರು. ಮುಂಜಾನೆಯಿಂದ ಯಾರೂ ಕಣ್ಣೆತ್ತಿ ನೋಡದಿದ್ದ ಆ ಹೋರಿ ಮದುಮಗನ ಕುದುರೆಯ ಹಾಗೆ ಗತ್ತಿನಿಂದ ನಡೆಯತೊಡಗಿತು. ಕೂತಲ್ಲೇ ಮಾರುವುದಕ್ಕೂ ತೋರಿಸಿ ಮಾರುವುದಕ್ಕೂ ಬಹಳ ಅಂತರವಿದೆ, ರೊಟ್ಟಿ ಮಾರುವ ನನಗೆ ಅದು ಗೊತ್ತು. ಎರಡನೇ ಸುತ್ತಿಗೆ ಜನ ಹಿಂದೆ ಬಂದರು. ಮೂರನೆಯದಕ್ಕೆ, ಮೇಲಿನ ಹಳ್ಳಿಯವನೊಬ್ಬ ಗುಂಪಿನಿಂದ ಮುಂದೆ ಬಂದ. ಅವನ ಜೋಡಿಯಲ್ಲಿ ಒಂದು ಹೋರಿ ಮುದಿಯಾಗಿದೆ, ಬಿತ್ತನೆ ನಿಂತಿದೆ ಎಂದು ಚಹಾದಂಗಡಿಯವನು ನನಗೆ ಹೇಳಿದ. ಕಾಕಾನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬಂದವನ ಕಣ್ಣು ಹೋರಿಯ ಹೆಗಲಿನ ಮೇಲೆ ನೆಟ್ಟದ್ದು ನೋಡಿ ಅವರ ಟವೆಲ್ ಆಗಲೇ ಹೆಗಲಿನಿಂದ ಇಳಿದಿತ್ತು.

ಈ ಸಲ ಸ್ವಲ್ಪ ಹೊತ್ತು ಹಿಡಿಯಿತು. ಹಳ್ಳಿಯವನಿಗೆ ಬೆರಳಿನ ಲೆಕ್ಕ ಬರುತ್ತಿರಲಿಲ್ಲ. ಮೊದಲಿನ ಮುದುಕನೇ ಓಡಿ ಬಂದು, ಅವನ ಬೆರಳು ಹಿಡಿದು, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಎಂದು ಕಲಿಸಿಕೊಟ್ಟ. ಆಮೇಲೆ ಒಂದು ಕಡೆ ಮುದುಕನ ಕೈ, ಇನ್ನೊಂದು ಕಡೆ ಹಳ್ಳಿಯವನ ಕೈ, ನಡುವೆ ನಮ್ಮ ಕಾಕಾ. ನನ್ನ ನಿಶ್ಚಯದಲ್ಲಿ ನಿಂತ ಹಾಗೆಯೇ ನಿಂತಿದ್ದರು. ಕೊನೆಗೆ ಹಳ್ಳಿಯವನು ಕೈ ಅಲುಗಿಸಿದ. ಕಾಕಾ ಹಗ್ಗವನ್ನು ಅವನ ಕೈಗೆ ದಾಟಿಸಿದರು, ಅವನ ದುಡ್ಡು ನೇರ ಮುದುಕನ ಕೈ ಸೇರಿತು. ಎಷ್ಟಕ್ಕೆ ಮುಗಿಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೊಟ್ಟವನೂ ನಗುತ್ತಿದ್ದ, ಕೊಂಡವನೂ ನಗುತ್ತಿದ್ದ, ದಲ್ಲಾಳಿಯಾದವನಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಚಹಾ ಬಂತು, ಉಪ್ಪು ಹಾಕಿದ ಚಹಾ. ನಮ್ಮ ಮನೆಯವರು ಮುಖ ಹುಳ್ಳಗೆ ಮಾಡಿದರೂ ಎರಡು ಕಪ್ಪು ಕುಡಿದರು. ನಾನು ರೊಟ್ಟಿ, ಶೇಂಗಾ ಚಟ್ನಿ ತಂದು ಹಂಚಿದೆ. ಕಾಕಾನನ್ನು ನಡುವೆ ಕೂಡಿಸಿಕೊಂಡು ಆ ಮಂದಿ ತಮ್ಮ ಭಾಷೆಯಲ್ಲಿ ಹೇಳಿದ್ದೇ ಹೇಳಿದ್ದು. ಯಾರೂ ಕಿವಿಯ ಹತ್ತಿರ ಬಂದು ಒದರಲಿಲ್ಲ. ಯಾರೂ ಅವರನ್ನು ಬಿಟ್ಟು ನನ್ನನ್ನು ಕೇಳಲಿಲ್ಲ. ಪರದೇಶಿ ಮನುಷ್ಯ, ನಮ್ಮ ಮಾತು ಅವನಿಗೆ ಬರುವುದಿಲ್ಲ, ಅವನ ಮಾತು ನಮಗೆ ಬರುವುದಿಲ್ಲ, ಅದಕ್ಕೇನಂತೆ ಎಂಬ ಹಾಗೆ ಇದ್ದರು. ನಾನೂ, ನಮ್ಮ ಮನೆಯವರೂ, ಶಿವಾನಂದನೂ ಅವರ ಪಾಲಿಗೆ ಕಾಕಾನಷ್ಟೇ ಮೂಗರು. ಕಾಕಾ ತೊಡೆ ತಟ್ಟಿ, ಗಾಳಿಯಲ್ಲೇ ನಗುತ್ತಿದ್ದರು.

ಚಹಾದಂಗಡಿಯವನು ಲೋಟ ತೆಗೆದುಕೊಳ್ಳಲು ನನ್ನ ಹತ್ತಿರ ಬಂದ. ಕಾಕಾನ ಕಡೆ ಗೌರವದಿಂದ ನೋಡಿ, ಈ ಹಿರಿಯರು ಮಾತಾಡುವುದು ಯಾವ ಭಾಷೆ ಎಂದು ಕೇಳಿದ: “ಬಹೆನ್‌ಜೀ, ಯೇ ಬುಜುರ್ಗ್ ಕೌನ್‌ಸಿ ಜಬಾನ್ ಬೋಲ್ತೇ ಹೈ?”

ಕಾಕಾ ನಗು ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿದರು.

“ಕನ್ನಡ,” ಎಂದೆ. “ಬಹುತ್ ಅಚ್ಛಾ ಬೋಲ್ತೇ ಹೈ.”